ಅಕೌಂಟ್ ಅಗ್ರಿಗೇಟರ್ ಜೊತೆ ಎರಡು ವರ್ಷ: ಒಪ್ಪಿಗೆ ಕೊಟ್ಟು ಮರೆಯಬೇಡಿ

ನನಗೆ ಮೂರು ಬ್ಯಾಂಕ್ ಖಾತೆ. ಸಂಬಳಕ್ಕೊಂದು, ಮನೆ ಸಾಲದ ಕಂತಿಗೊಂದು, ಅಮ್ಮನ ಜೊತೆ ಜಂಟಿಯಾಗಿ ಒಂದು. ಮೊದಲೆಲ್ಲ ತಿಂಗಳ ಮೊದಲ ಭಾನುವಾರ ಕೂತು ಒಂದೊಂದೇ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಹೆಸರಿನ ನಾಲ್ಕು ಅಕ್ಷರ, ಹುಟ್ಟಿದ ದಿನ, ಇನ್ನೊಂದಕ್ಕೆ ಇನ್ನೇನೋ ಅಂತ ಪಾಸ್‌ವರ್ಡ್ ಹಾಕಿ ತೆರೆದು, ಲೆಕ್ಕದ ಪುಸ್ತಕಕ್ಕೆ ಇಳಿಸುತ್ತಿದ್ದೆ. ಅರ್ಧ ಬೆಳಗ್ಗೆ ಅದಕ್ಕೇ ಹೋಗುತ್ತಿತ್ತು. ಈಗ ಆ ಕೆಲಸಕ್ಕೆ ಅಕೌಂಟ್ ಅಗ್ರಿಗೇಟರ್ ಇದೆ, ಅಂದರೆ ನಾವು ಒಪ್ಪಿಗೆ ಕೊಟ್ಟರೆ ನಮ್ಮ ಖಾತೆಯ ಮಾಹಿತಿಯನ್ನು ಬ್ಯಾಂಕಿನಿಂದ ಕೇಳಿದ ಆ್ಯಪ್‌ಗೋ ಕಂಪನಿಗೋ ತಲುಪಿಸುವ ಸೇವೆ. ಅದರ ಮೂಲಕ, ಖರ್ಚಿನ ಆ್ಯಪ್ ತೆರೆದರೆ ಸಂಬಳ, ಕಂತು, ಮ್ಯೂಚುವಲ್ ಫಂಡ್ ಒಂದೇ ಕಡೆ ಕಾಣುತ್ತವೆ. ಕಾಫಿ ಆರುವುದರೊಳಗೆ ಕೆಲಸ ಮುಗಿಯುತ್ತದೆ. ಪುಸ್ತಕ ಬಿಟ್ಟಿಲ್ಲ, ತಿಂಗಳ ಒಟ್ಟು ಮೊತ್ತ ಈಗಲೂ ಕೈಯಲ್ಲೇ ಬರೆಯುತ್ತೇನೆ.

ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಯಾರಿಗೂ ಕೊಡಬೇಕಿಲ್ಲ, ನನಗೆ ತುಂಬಾ ಹಿಡಿಸಿದ್ದು ಇದು. ಈ ಅಗ್ರಿಗೇಟರ್‌ಗಳಿಗೆ ರಿಸರ್ವ್ ಬ್ಯಾಂಕ್ 2016ರಲ್ಲೇ ನಿಯಮ ಮಾಡಿತ್ತು, ಬಳಕೆಗೆ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ನಡುವೆ ಇರುವ ಅಗ್ರಿಗೇಟರ್ ಮಾಹಿತಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಬೇಕು ಅಷ್ಟೇ, ತಾನು ಓದುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ದುಡ್ಡು ಕಳಿಸೋದು ಇದರ ಕೆಲಸ ಅಲ್ಲ, ಅದಕ್ಕೆ ಯುಪಿಐ ಇದೆ.

ಹೋದ ತಿಂಗಳು ಸುಮ್ನೆ ಅಗ್ರಿಗೇಟರ್ ಆ್ಯಪ್ ಒಳಗೆ ನಾನು ಕೊಟ್ಟ ಒಪ್ಪಿಗೆಗಳ ಪಟ್ಟಿ ತೆರೆದೆ. ಎದೆ ಧಸಕ್ಕೆಂದಿತು. ವರ್ಷದ ಹಿಂದೆ ಬಡ್ಡಿ ಎಷ್ಟು ಬೀಳುತ್ತೆ ಅಂತ ತಿಳಿಯೋಕೆ ಒಂದು ಸಾಲದ ಕಂಪನಿಗೆ ಒಪ್ಪಿಗೆ ಕೊಟ್ಟಿದ್ದೆ. ಸಾಲ ತಗೊಳ್ಳಲೇ ಇಲ್ಲ. ಒಪ್ಪಿಗೆ ಮಾತ್ರ ಇನ್ನೂ ಚಾಲ್ತಿಯಲ್ಲಿತ್ತು, ಅವರು ತಿಂಗಳಿಗೊಮ್ಮೆ ನನ್ನ ಸ್ಟೇಟ್‌ಮೆಂಟ್ ತರಿಸಿಕೊಳ್ಳಬಹುದಿತ್ತು! ಯಾಕೆ ಬೇಕು, ಎಷ್ಟು ದಿನಕ್ಕೆ, ಎಷ್ಟು ಸಲ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಎಲ್ಲವನ್ನೂ ಒಪ್ಪಿಗೆ ಕೇಳುವಾಗಲೇ ತೋರಿಸುತ್ತಾರೆ, ನಿಜ. ಆದರೆ ‘ಒಪ್ಪಿದೆ’ ಬಟನ್ ಅಷ್ಟು ದೊಡ್ಡದು, ಅವಧಿ ಅಷ್ಟು ಸಣ್ಣ ಅಕ್ಷರದಲ್ಲಿ. ಅದೇ ತಪ್ಪು, ಅಲ್ವಾ? ಸಾಲ ಬೇಡ ಅಂದ ಮೇಲೂ ಒಂದು ಮೆಸೇಜ್ ಬರಲಿಲ್ಲ.

ಆ ಒಪ್ಪಿಗೆ ವಾಪಸ್ ಪಡೆಯೋಕೆ ಅರ್ಧ ನಿಮಿಷ ಸಾಕಾಯಿತು. ಆದರೆ ಅದು ಮುಂದೆ ಮಾಹಿತಿ ಹೋಗುವುದನ್ನು ನಿಲ್ಲಿಸುತ್ತದೆ, ಆಗಲೇ ಹೋಗಿದ್ದನ್ನು ಹಿಂದಕ್ಕೆ ತರುವುದಿಲ್ಲ. ಈಗ ಪ್ರತಿ ಒಪ್ಪಿಗೆಯ ಕೊನೇ ದಿನಾಂಕವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅಮ್ಮನ ಜೊತೆಗಿನ ಜಂಟಿ ಖಾತೆ ಎಷ್ಟು ಸಲ ಹುಡುಕಿದರೂ ಇದರಲ್ಲಿ ಸಿಕ್ಕಿಲ್ಲ. ಅದಕ್ಕೆ ಮಾತ್ರ ಇವತ್ತಿಗೂ ಪಾಸ್‌ವರ್ಡ್ ಹಾಕಿದ ಪಿಡಿಎಫ್ಫೇ ಗತಿ.