ಗಾಜಿನ ಪದರ ಎಣಿಸಲು 10ಎಕ್ಸ್ ಲೂಪ್

ಹಳೆಯ ಕಲಾಗಾಜಿನ ಮಾರಾಟಪಟ್ಟಿಗಳಲ್ಲಿ ಬಣ್ಣ ಕಂಡದ್ದೆಲ್ಲ ‘ಓವರ್‌ಲೇ’ (ಗಾಜಿನ ಮೇಲೆ ಬೇರೆ ಬಣ್ಣದ ಗಾಜಿನ ಪದರ), ಉಬ್ಬಿದ್ದೆಲ್ಲ ‘ಕ್ಯಾಮಿಯೊ’ (ಆ ಮೇಲಿನ ಪದರವನ್ನು ಕೊರೆದು ಮೂಡಿಸಿದ ಉಬ್ಬುಚಿತ್ರ). ಈ ಗೋಜಲು ಬಿಡಿಸಲು 10 ಪಟ್ಟು ಹಿಗ್ಗಿಸುವ ಟ್ರಿಪ್ಲೆಟ್ ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ, ಬಹುಮಟ್ಟಿಗೆ ಸಾಕು. ಮೂರು ಮಸೂರ ಸೇರಿಸಿ ಮಾಡಿದ್ದರಿಂದ ಅಂಚಿನಲ್ಲಿ ಕಾಮನಬಿಲ್ಲಿನ ಗೆರೆ ಮೂಡುವುದು ತೀರಾ ಕಡಿಮೆ. ಬಣ್ಣವನ್ನೇ ಪರೀಕ್ಷಿಸುವಾಗ ಇದು ಮುಖ್ಯ. ‘30ಎಕ್ಸ್’ ಎಂದು ಬರೆದ ಅಗ್ಗದವು ಬೇಡ. ಕಾಣುವ ಜಾಗ ಕಿರಿದು, ಕೈ ಚೂರು ಅಲುಗಿದರೂ ಮಸುಕು.

ಲೂಪನ್ನು ಕಣ್ಣಿನ ಹತ್ತಿರವೇ ಹಿಡಿದು, ಗಾಜನ್ನು ಸುಮಾರು 2.5 ಸೆಂಟಿಮೀಟರ್ ದೂರಕ್ಕೆ ತರಬೇಕು. ದೀಪ ಪಕ್ಕದಿಂದ ಓರೆಯಾಗಿ ಬೀಳಲಿ. ಎದುರಿನಿಂದ ಬಿದ್ದರೆ ಬರೀ ಹೊಳಪು.

ಮೊದಲು ಬಾಯಂಚು ಅಥವಾ ಕೊರೆದ ಭಾಗ ನೋಡಿ. ಬಣ್ಣದ ಗಾಜು ದಪ್ಪ ಪದರವಾಗಿ ಕಂಡರೆ ಕೇಸ್ಡ್ ಅಥವಾ ಓವರ್‌ಲೇ. (ಈ ಎರಡನ್ನು ಹಲವರು ಒಂದೇ ಅರ್ಥದಲ್ಲಿ ಬಳಸುತ್ತಾರೆ, ಲೂಪ್ ಆ ಜಗಳ ತೀರಿಸದು.) ಈರುಳ್ಳಿಯ ಒಳಪೊರೆಯಂತೆ ತೆಳುವಾಗಿದ್ದರೆ ಫ್ಲ್ಯಾಶ್ಡ್. ದಪ್ಪವೇ ಇಲ್ಲದೆ ಬಣ್ಣ ಮೇಲ್ಮೈಯಲ್ಲಿ ಇಂಗಿದಂತಿದ್ದರೆ ಸ್ಟೈನ್ಡ್: ಬಳಿದು ಕುಲುಮೆಯಲ್ಲಿ ಸುಟ್ಟದ್ದು, 19ನೇ ಶತಮಾನದಲ್ಲಿ ಬೊಹೀಮಿಯಾದ ಫ್ರೀಡ್ರಿಷ್ ಎಗರ್ಮನ್ ಹೆಸರಾದ ಕೆಲಸ. ಕೆಂಪು ಬೊಹೀಮಿಯನ್ ಲೋಟಗಳಲ್ಲಿ ಈ ಕೊನೆಯ ಎರಡೇ ಹೆಚ್ಚಾಗಿ ಅದಲುಬದಲಾಗುವುದು.

ಕ್ಯಾಮಿಯೊದಲ್ಲಿ ಎಲೆಯೂ ಹೂವೂ ಮೇಲಿನ ಗಾಜಿನ ಪದರದ್ದೇ. ಅಂಚಿನಲ್ಲಿ ಮೆಟ್ಟಿಲು ಕಾಣುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ತಿಂದಿದ್ದರೆ ಹಿನ್ನೆಲೆ ಒಂದೇ ಸಮನಾದ ಮಸುಕು. ಚಕ್ರದಿಂದ ಕೆತ್ತಿದ್ದರೆ ಸಣ್ಣ ಗೀರುಗಳ ಸಾಲು. ಎರಡೂ ಒಂದೇ ಹೂದಾನಿಯಲ್ಲಿ ಸಿಗುವುದುಂಟು. ಎನಾಮಲ್‌ನಲ್ಲಿ (ಗಾಜಿನ ಮೇಲೆ ಬರೆದು ಸುಟ್ಟ ಬಣ್ಣ) ಹಾಗಲ್ಲ: ಕುಂಚದ ಜಾಡು, ಸೂಜಿಮೊನೆಯಷ್ಟು ತೂತು, ಬಣ್ಣ ಗಾಜಿನ ಮೇಲೆ ಕೂತಿರುವುದು. ಬಿಳಿ ಮಕ್ಕಳ ಚಿತ್ರದ ‘ಮೇರಿ ಗ್ರೆಗರಿ’ ಗಾಜು ಹೀಗೆ ಎನಾಮಲ್. ಕ್ಯಾಮಿಯೊ ಎಂದು ಮಾರುವುದು ತಪ್ಪು. ಹೆಸರು ಅಮೆರಿಕದ್ದಾದರೂ ಮಾಲು ಬಹುಪಾಲು ಬೊಹೀಮಿಯಾದ್ದು.

ಫ್ರಾನ್ಸಿನ ಗಾಜು ಕಲಾವಿದ ಎಮಿಲ್ ಗ್ಯಾಲೆಯ ಸಹಿಯಿರುವ ಕ್ಯಾಮಿಯೊ ಹೂದಾನಿಯಲ್ಲಿ ಲೂಪ್ ತನ್ನ ಬೆಲೆ ತೀರಿಸುತ್ತದೆ. ರೊಮೇನಿಯಾದ ಹಲವು ನಕಲುಗಳಲ್ಲಿ ಸಹಿಯ ಪಕ್ಕ ‘ಟಿಪ್’ (TIP, ‘ಮಾದರಿ’ ಎಂದರ್ಥ) ಎಂಬ ಅಕ್ಷರಗಳಿರುತ್ತವೆ. ಅದನ್ನು ಉಜ್ಜಿ ಅಳಿಸಿದ ಜಾಗ ಸುತ್ತಲಿನ ಮಸುಕಿಗಿಂತ ಬೇರೆಯಾಗಿ ಹೊಳೆಯುತ್ತದೆ. ಗ್ಯಾಲೆ 1904ರಲ್ಲಿ ತೀರಿಕೊಂಡ ಮೇಲೆ ಅವರ ಕಾರ್ಖಾನೆಯಲ್ಲಿ ಕೆಲವು ವರ್ಷ ಸಹಿಯ ಜೊತೆ ನಕ್ಷತ್ರ ಹಾಕುತ್ತಿದ್ದರು, ಅದನ್ನೂ ಹುಡುಕಿ.

ಮಿರುಗುವ ಗಾಜಿಗೆ ಮಾತ್ರ ಲೂಪ್ ಎತ್ತಿಡಿ. ಕಾರ್ನಿವಲ್ ಗಾಜಿನ ಮೇಲಿನ ಲೋಹಲವಣದ ಪೊರೆ ಬರಿಗಣ್ಣಿಗೆ, ಕೈಯಲ್ಲಿ ತಿರುಗಿಸಿದಾಗಲೇ ಚೆನ್ನಾಗಿ ತಿಳಿಯುವುದು.