ಎಮ್ಮೆ ಟೈರು, ಕುದುರೆ ಟೈರು: ಥಾರ್ ಮರುಭೂಮಿಯಿಂದ ಹುಬ್ಬಳ್ಳಿಯವರೆಗೆ ಮೂರು ವರ್ಷದ ಲೆಕ್ಕ

ಇದು ಸೈಕಲ್ಲಿನ ವಿಮರ್ಶೆ ಅಲ್ಲ, ಟೈರಿನದು. 2022ರ ಅಕ್ಟೋಬರಿನಲ್ಲಿ, ನಾವು ಗಂಡ ಹೆಂಡತಿ ಥಾರ್ ಮರುಭೂಮಿಗೆ ಹೊರಡಲು ಎರಡು ತಿಂಗಳಿದ್ದಾಗ, ಒಳಗೆ ದಪ್ಪ ರಬ್ಬರಿನ ರಕ್ಷಣಾ ಪಟ್ಟಿ ಇರುವ ಟೂರಿಂಗ್ ಟೈರುಗಳನ್ನು ಕೊಂಡೆ. ಅಳತೆ 26 ಇಂಚು, ಅಗಲ ಎರಡು ಇಂಚು. ಒಂದೊಂದೂ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಜೋಡಿಗೆ ಆರು ಸಾವಿರ ರೂಪಾಯಿ ದಾಟಿತು. ಅದೇ ವಾರ ಇವರು ತಮ್ಮ ಸೈಕಲ್ಲಿಗೆ ಹಗುರವಾದ ಟ್ಯೂಬ್‌ಲೆಸ್ ಟೈರು ಹಾಕಿಸಿ, ಟ್ಯೂಬಿಲ್ಲದ ಅದರೊಳಗೆ ತೂತು ಮುಚ್ಚುವ ಹಾಲಿನಂಥ ಸೀಲಂಟ್ ತುಂಬಿಸಿಕೊಂಡು ಬಂದರು. ನನ್ನ ಟೈರನ್ನು ಕೈಯಲ್ಲಿ ಎತ್ತಿ ನೋಡಿ, "ನೀನು ಎಮ್ಮೆ ಓಡಿಸು, ನಾನು ಕುದುರೆ ಓಡಿಸುತ್ತೇನೆ" ಎಂದರು. ಅಂದಿನಿಂದ ಮನೆಯಲ್ಲಿ ಅವಕ್ಕೆ ಅದೇ ಹೆಸರು. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಇಲ್ಲಿ ಹೇಳುವ ಗುಣದೋಷಗಳು ಆಯಾ ಬಗೆಯ ಟೈರಿನವೇ ಹೊರತು ಒಂದು ಕಂಪನಿಯವಲ್ಲ.

ಬೀಕಾನೇರ್‌ನಿಂದ ಕೋಲಾಯತ್, ಫಲೋದಿ, ರಾಮ್‌ದೇವ್ರಾ, ಪೋಖರಣ್ ಮೂಲಕ ಜೈಸಲ್ಮೇರ್, ಅಲ್ಲಿಂದ ಬಾಡ್‌ಮೇರ್. ಒಟ್ಟು ಸುಮಾರು 500 ಕಿ.ಮೀ. ಮರುಭೂಮಿ ಎಂದರೆ ಮರಳಿನ ಚಿಂತೆ ಎಂದುಕೊಂಡೇ ಹೋಗಿದ್ದೆವು. ಹೆದ್ದಾರಿ ಚೆನ್ನಾಗಿದೆ, ಮರಳಿನಿಂದ ಅಂಥ ತೊಂದರೆ ಇಲ್ಲ. ತೊಂದರೆ ಕೊಟ್ಟದ್ದು ಮುಳ್ಳು. ಕೋಲಾಯತ್ ದಾಟಿದ ಮೇಲೆ ನೆರಳು ಕಂಡಿತೆಂದು ಸೈಕಲ್ ಇಳಿಸಿ ಒಂದು ಮರದ ಕೆಳಗೆ ಕುಳಿತೆವು. ತಲೆ ಎತ್ತಿ ನೋಡಿದರೆ ನಮ್ಮದೇ ಬಳ್ಳಾರಿ ಜಾಲಿ! ಅಲ್ಲಿಯವರು ಅದನ್ನು ವಿಲಾಯತಿ ಬಬೂಲ್ ಎನ್ನುತ್ತಾರೆ. ನಾವು ಬಳ್ಳಾರಿಯ ಮೇಲೆ ಹಾಕುತ್ತೇವೆ, ಅವರು ವಿಲಾಯತಿಯ ಮೇಲೆ ಹಾಕುತ್ತಾರೆ, ಗಿಡ ಬಂದದ್ದು ಅಮೆರಿಕ ಖಂಡದಿಂದ. ರಸ್ತೆಗೆ ಮರಳುವಾಗ ಇವರ ಹಿಂದಿನ ಚಕ್ರದಲ್ಲಿ ಬಿಳಿ ಹನಿಗಳು ಜಿನುಗುತ್ತಿದ್ದವು. "ರೀ, ನಿಮ್ಮ ಕುದುರೆ ಹಾಲು ಕೊಡುತ್ತಿದೆ" ಎಂದೆ. ಇವರು ನಗಲಿಲ್ಲ. ಆದರೆ ಅರ್ಧ ನಿಮಿಷದಲ್ಲಿ ಹನಿ ನಿಂತಿತು, ಗಾಳಿ ಇಳಿಯಲಿಲ್ಲ. ಆ ದಿನದ ಗೆಲುವು ನ್ಯಾಯವಾಗಿ ಅವರದೇ. ನನ್ನ ಟೈರಿನಿಂದ ಆರು ಮುಳ್ಳು ಕಿತ್ತೆ, ಒಂದೂ ಟ್ಯೂಬಿನವರೆಗೆ ಹೋಗಿರಲಿಲ್ಲ.

ಫಲೋದಿಯ ಪಕ್ಕದ ಖೀಚನ್‌ನಲ್ಲಿ ಚಳಿಗಾಲಕ್ಕೆ ಬರುವ ಸಾವಿರಾರು ಕ್ರೌಂಚ ಪಕ್ಷಿಗಳನ್ನು ನೋಡಲು ಮಣ್ಣಿನ ದಾರಿಗೆ ಇಳಿದಾಗ ನೆಗ್ಗಿಲು ಮುಳ್ಳಿನ ಪರಿಚಯವೂ ಆಯಿತು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುವ ಕಾಯಿ ಅದು. ಸೈಕಲ್ ಟೈರಿಗೆಂದೇ ದೇವರು ಮಾಡಿದಂತಿದೆ. ಅಲ್ಲಿಯೂ ಎರಡೂ ಟೈರುಗಳು ಪಾಸು.

ಲೆಕ್ಕ ತಿರುಗಿದ್ದು ಪೋಖರಣ್ ಮತ್ತು ಜೈಸಲ್ಮೇರ್ ನಡುವೆ, ಲಾಠಿ ಎಂಬ ಊರಿನ ಹತ್ತಿರ. ನಮ್ಮ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ ಹಕ್ಕಿಗೆ ಆ ಸೀಮೆಯೇ ದೊಡ್ಡ ನೆಲೆ. ಕಂಡೀತೇನೋ ಎಂದು ಹೊಲದ ಕಡೆ ನೋಡುತ್ತಿದ್ದ ಇವರು ರಸ್ತೆಯಂಚಿನ ಚೂಪು ಕಲ್ಲನ್ನು ನೋಡಲಿಲ್ಲ. ಟೈರಿನ ಪಕ್ಕೆ ಒಂದು ಬೆರಳಗಲ ಸೀಳಿತು, ಸೀಲಂಟ್ ಎಲ್ಲ ಪ್ಯಾಂಟಿನ ಮೇಲೆ ಚಿಮ್ಮಿತು. ಸಣ್ಣ ತೂತನ್ನು ಸೀಲಂಟ್ ಮುಚ್ಚುತ್ತದೆ, ಸೀಳನ್ನು ಮುಚ್ಚಲಾರದು. ಹರಿದಲ್ಲಿ ಒಳಗಿನಿಂದ ಹಳೆ ಟ್ಯೂಬಿನ ತುಂಡು ಇಟ್ಟು, ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದೆವು. ಎರಡು ನಿಮಿಷದಲ್ಲಿ ಚಕ್ರ ನೆಲ ಕಚ್ಚಿತು. ಪ್ಯಾಚ್ ಹಾಕಿ ಮತ್ತೆ ತುಂಬಿದೆವು. ಮತ್ತೆ ಅದೇ ಕಥೆ.

ಟ್ಯೂಬ್‌ಲೆಸ್ ಕೊಳ್ಳುವಾಗ ಯಾರೂ ಹೇಳದ ಸಂಗತಿ ಇದು. ನಾಲ್ಕು ದಿನದಿಂದ ಚುಚ್ಚಿದ ಮುಳ್ಳುಗಳ ಮೊನೆಗಳೆಲ್ಲ ಟೈರಿನೊಳಗೇ ಮುರಿದು ಕುಳಿತಿದ್ದವು. ಸೀಲಂಟ್ ಅವುಗಳ ಸುತ್ತ ಗಟ್ಟಿಯಾಗಿ, ನಮಗೆ ಸುಳಿವೇ ಕೊಟ್ಟಿರಲಿಲ್ಲ. ಟ್ಯೂಬ್ ಹಾಕಿದ ಕೂಡಲೇ ಒಂದೊಂದೇ ಮೊನೆ ಎದ್ದು ಬಂದು ಚುಚ್ಚತೊಡಗಿದವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ಇವರು ನಿಜವಾಗಿಯೂ ಪ್ರಯೋಗಿಸಿ ನೋಡಿದರು. ಆ ಮುಳ್ಳೂ ಒಳಗೇ ಮುರಿಯಿತು. ಕೊನೆಗೆ ಆಡು ಮೇಯಿಸುತ್ತಿದ್ದ ಒಬ್ಬ ಮುದುಕರು ಬಂದು, ಸೊಂಟದಿಂದ ಚಿಮಟ ತೆಗೆದು ಕೊಟ್ಟರು. ನಮ್ಮಜ್ಜ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದಂಥದ್ದೇ. ಎಣಿಸಿ ಹತ್ತೊಂಬತ್ತು ಮೊನೆ ಕಿತ್ತೆವು. ಮಧ್ಯಾಹ್ನ ಪೂರ್ತಿ ಅಲ್ಲೇ ಹೋಯಿತು. ಟ್ಯೂಬಿನ ತೂತು ಹುಡುಕಲು ಮನೆಯಲ್ಲಾದರೆ ಬಕೆಟ್ ನೀರು ಸಾಕು. ಅಲ್ಲಿ ಇದ್ದದ್ದು ಕುಡಿಯುವ ನೀರು ಮಾತ್ರ. ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ತಿರುಗಿಸಿದರೆ ಗಾಳಿ ತಾಗುವುದು ತಿಳಿಯುತ್ತದೆ, ಕೈಗಿಂತ ತುಟಿಗೆ ಬೇಗ.

ಇನ್ನು ನನ್ನ ಎಮ್ಮೆಯ ದೋಷ. ಆ ಪ್ರವಾಸದಲ್ಲಿ ಅದು ಪಂಕ್ಚರ್ ಆದದ್ದು ಒಂದೇ ಸಲ, ಬಾಡ್‌ಮೇರ್ ದಾರಿಯಲ್ಲಿ. ಮುಳ್ಳಿನಿಂದಲ್ಲ, ಒಡೆದ ಲಾರಿ ಟೈರಿನಿಂದ ಉದುರಿದ ಕೂದಲಿನಂಥ ಉಕ್ಕಿನ ತಂತಿಯಿಂದ. ಪ್ಯಾಚ್ ಹಾಕಲು ಐದು ನಿಮಿಷ ಸಾಕಿತ್ತು. ಟೈರನ್ನು ರಿಮ್ಮಿನಿಂದ ಬಿಚ್ಚಿ ಮತ್ತೆ ಕೂರಿಸಲು ಒಂದೂವರೆ ಗಂಟೆ ಹಿಡಿಯಿತು. ಪ್ಲಾಸ್ಟಿಕ್ಕಿನ ಎರಡು ಟೈರ್ ಲಿವರ್ ಮುರಿದವು. ಕೊನೆಗೆ ಢಾಬಾದಿಂದ ತಂದ ಸ್ಟೀಲ್ ಸೌಟಿನ ಹಿಡಿಯಿಂದ ಮೀಟಿ ಕೂರಿಸಿದೆವು. ನನ್ನ ಹೆಬ್ಬೆರಳಿನ ಉಗುರು ಸಂಕ್ರಾಂತಿಯವರೆಗೂ ಕಪ್ಪಾಗಿತ್ತು. ಈ ಬಗೆಯ ಟೈರು ಕೊಳ್ಳುವವರು ಉಕ್ಕಿನ ಲಿವರನ್ನೂ ಕೊಳ್ಳಿ, ಮನೆಯಲ್ಲಿ ಎರಡು ಸಲ ಬಿಚ್ಚಿ ಹಾಕಿ ಅಭ್ಯಾಸ ಮಾಡಿಕೊಂಡೇ ಹೊರಡಿ.

ಭಾರದ ಬಗ್ಗೆ ಇವರು ಹೇಳಿದ್ದು ಸುಳ್ಳಲ್ಲ. ಹೊರಡುವಾಗ ಎಳೆಯುತ್ತದೆ, ಏರಿನಲ್ಲಿ ಎಳೆಯುತ್ತದೆ. ಆದರೆ ದಿನವೂ ತಲೆಗೆ ಆರು ಲೀಟರು ನೀರು ಹೊರುವಲ್ಲಿ ಟೈರಿನ ಹೆಚ್ಚುವರಿ ಅರ್ಧ ಕಿಲೋವನ್ನು ಲೆಕ್ಕ ಹಾಕುವುದು ನನಗೆ ಜಿಪುಣತನ ಅನಿಸುತ್ತದೆ. ಡಾಂಬರಿನ ಮೇಲೆ ಗಾಳಿಯ ಒತ್ತಡ ಹಿಂದಿನ ಚಕ್ರಕ್ಕೆ 50 ಪಿ.ಎಸ್.ಐ., ಮುಂದಿನದಕ್ಕೆ 40 ಇಡುತ್ತಿದ್ದೆ. ಜೈಸಲ್ಮೇರ್ ಹತ್ತಿರದ ಸಮ್ ಎಂಬ ಊರಿನ ಕಡೆ ರಸ್ತೆಯ ಮೇಲೆ ಮರಳು ಹಾಯ್ದಿದ್ದ ಕಡೆ 25ಕ್ಕೆ ಇಳಿಸಿದರೆ ಎರಡು ಇಂಚಿನ ಅಗಲ ಉಪಯೋಗಕ್ಕೆ ಬಂತು. ಮೊಣಕಾಲುದ್ದದ ಮರಳಿದ್ದರೆ ಯಾವ ಟೈರೂ ಆಗದು, ಇಳಿದು ತಳ್ಳಬೇಕು.

ವಾಲ್ವಿನ ವಿಷಯ ಮರೆಯಬೇಡಿ. ನನ್ನ ಟ್ಯೂಬಿನದು ಬೈಕುಗಳಲ್ಲಿರುವ ದಪ್ಪ ವಾಲ್ವ್. ಹೆದ್ದಾರಿಯ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಗಾಳಿ ಸಿಗುತ್ತಿತ್ತು. ಇವರ ತೆಳು ವಾಲ್ವನ್ನು ನೋಡಿ ಪೋಖರಣ್‌ನ ಅಂಗಡಿಯ ಹುಡುಗ ತಲೆ ಕೆರೆದುಕೊಂಡ. ಹ್ಯಾಂಡ್ ಪಂಪಿನಲ್ಲಿ ಮುನ್ನೂರು ಸಲ ಒತ್ತಿದ್ದು ಇವರೇ.

2024ರ ಜನವರಿಯಲ್ಲಿ ಮತ್ತೆ ಹೋದೆವು, ಈ ಸಲ ಜೈಸಲ್ಮೇರ್‌ನಿಂದ ರಾಮಗಢ, ತನೋಟ್, ಲೋಂಗೇವಾಲಾ. ರಾಮಗಢ ದಾಟಿದರೆ ತನೋಟ್‌ವರೆಗೆ ಅಂಗಡಿ ಮುಂಗಟ್ಟು ಅಪರೂಪ. ನನ್ನದು ಅದೇ ಟೈರು, ಒಂದೂ ಪಂಕ್ಚರ್ ಇಲ್ಲ. ಹೊರಡುವ ಮುನ್ನ ಇವರ ಟೈರು ಬಿಚ್ಚಿದಾಗ ಸೀಲಂಟ್ ಒಣಗಿ ಗಿಣ್ಣಿನಂತೆ ಗಟ್ಟಿಯಾಗಿ ತಳಕ್ಕೆ ಅಂಟಿತ್ತು. ಒಣ ಹವೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಹೊಸದನ್ನು ತುಂಬದಿದ್ದರೆ ಅದು ಇದ್ದೂ ಇಲ್ಲದಂತೆ. ಬೇಸಿಗೆಯ ಮಾತು ನನ್ನನ್ನು ಕೇಳಬೇಡಿ. 2016ರ ಮೇ ತಿಂಗಳಲ್ಲಿ 51 ಡಿಗ್ರಿ ಕಂಡ ಊರು ಫಲೋದಿ. ಆ ಕಾಲದಲ್ಲಿ ಅಲ್ಲಿ ಟೈರು ಪರೀಕ್ಷಿಸುವ ಹುಚ್ಚು ನಮಗಿಲ್ಲ.

ಈಗ ನನ್ನ ಟೈರಿಗೆ ಏಳು ಸಾವಿರ ಕಿ.ಮೀ. ದಾಟಿದೆ. ನಾಲ್ಕು ಸಾವಿರಕ್ಕೆ ಹಿಂದಿನದನ್ನು ಮುಂದಕ್ಕೆ ಹಾಕಿದ್ದೆ. ಪಕ್ಕೆಗಳಲ್ಲಿ ಬಿಸಿಲಿಗೆ ಸಣ್ಣ ಬಿರುಕುಗಳು ಬಿದ್ದಿವೆ, ಒಂದು ಕಡೆ ಒಳಗಿನ ಪಟ್ಟಿಯ ಬಣ್ಣ ಇಣುಕುತ್ತಿದೆ. ಕಳೆದ ವರ್ಷ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಸುಮ್ಮನೆ ನಿಂತಿದ್ದಾಗಲೇ ಗಾಳಿ ಇಳಿಯಿತು. ಬಿಚ್ಚಿ ನೋಡಿದರೆ ಪಟ್ಟಿಯೊಳಗೆ ಮುರಿದು ಕುಳಿತು, ತಿಂಗಳುಗಟ್ಟಲೆ ತೆವಳಿ ಟ್ಯೂಬ್ ಮುಟ್ಟಿದ ಮುಳ್ಳಿನ ಮೊನೆ. ಥಾರಿನದೋ ಧಾರವಾಡ ದಾರಿಯದೋ ಗೊತ್ತಿಲ್ಲ. ದಪ್ಪ ಟೈರು ಮುಳ್ಳನ್ನು ತಡೆಯುತ್ತದೆ, ಹೊರಗೆ ಹಾಕುವುದಿಲ್ಲ. ಸಂಜೆಗೊಮ್ಮೆ ಚಿಮಟ ಹಿಡಿದು ಕೂರುವ ಕೆಲಸ ನಮ್ಮದೇ.

ಊರೊಳಗೆ ಓಡಿಸುವವರಿಗೆ ಈ ಟೈರು ಬೇಡ, ದುಡ್ಡೂ ದಂಡ, ಕಾಲೂ ನೋವು. ಜಾಲಿ, ನೆಗ್ಗಿಲು ಇರುವ ಸೀಮೆಯಲ್ಲಿ ದಿನಗಟ್ಟಲೆ ಹೋಗುವವರಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದರ್ಧ ನನ್ನ ಉಗುರಿನ ಲೆಕ್ಕಕ್ಕೆ. ಮೊನ್ನೆ ಅದೇ ಬಗೆಯ ಮೂರು ಟೈರು ತರಿಸಿದ್ದೇವೆ: ಎರಡು ನನಗೆ, ಒಂದು ಇವರ ಹಿಂದಿನ ಚಕ್ರಕ್ಕೆ. ಮುಂದಿನ ಚಕ್ರ ಮಾತ್ರ ಕುದುರೆಯಾಗಿಯೇ ಇರಲಿ ಎನ್ನುತ್ತಾರೆ.