ಬಳ್ಳಾರಿ ಜೀನ್ಸ್ ಮಾರೋಕೆ ಯಾವುದು ಬೆಸ್ಟ್: ವಾಟ್ಸಾಪಾ, ಇನ್‌ಸ್ಟಾಗ್ರಾಮಾ, ಯೂಟ್ಯೂಬಾ?

ಲೈಕ್ ಜಾಸ್ತಿ ಬರುವ ಕಡೆ ಆರ್ಡರ್ ಕಡಿಮೆ. ಆರ್ಡರ್ ಬರುವ ಕಡೆ ಮಜಾನೇ ಇಲ್ಲ. ವಾಟ್ಸಾಪ್, ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಯೂಟ್ಯೂಬ್ ಎಲ್ಲದರಲ್ಲೂ ಕೈಯಾಡಿಸಿದ ಮೇಲೆ ನನಗೆ ಅನ್ನಿಸಿದ್ದು ಇದು. ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ. ಲೆಕ್ಕ, ಆರ್ಡರ್, ಪಾರ್ಸೆಲ್ ನನ್ನ ಪಾಲಿಗೆ. ಕ್ಯಾಮೆರಾ, ಎಡಿಟಿಂಗ್ ನನ್ನ ತಮ್ಮನ ಪಾಲಿಗೆ. ಹಾಗಾಗಿ ಯಾವ ಆ್ಯಪ್ ಒಳ್ಳೆಯದು ಅಂತ ಮನೆಯಲ್ಲಿ ಜಗಳ ಇದ್ದದ್ದೇ.

ಮೊದಲು ನಮ್ಮ ವ್ಯಾಪಾರದ ಒಂದು ಕಿರಿಕಿರಿ ಹೇಳಬೇಕು. ನಮ್ಮ ಹತ್ತಿರ ಕೊಳ್ಳುವವರಲ್ಲಿ ಹೆಚ್ಚಿನವರು ಅಂಗಡಿಯವರು. ಸೊಂಟದ ಸೈಜ್ 28ರಿಂದ 36ರ ತನಕ ಸೆಟ್ ಲೆಕ್ಕದಲ್ಲಿ ಒಯ್ಯುತ್ತಾರೆ. ಕೆಲವರು ತಮ್ಮದೇ ಲೇಬಲ್ ಕೊಟ್ಟು ಹೊಲಿಸುತ್ತಾರೆ. ಅವರಿಗೆ ಹೋಲ್‌ಸೇಲ್ ರೇಟು. ಅದೇ ಪ್ಯಾಂಟು ಒಂದೇ ಬೇಕು ಅನ್ನುವವರಿಗೆ ಬೇರೆ ರೇಟು. ಹೋಲ್‌ಸೇಲ್ ರೇಟನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದರೆ ಸಂಜೆಯೊಳಗೆ ಫೋನ್ ಬರುತ್ತದೆ: "ಅಕ್ಕಾ, ಗಿರಾಕಿ ಮೊಬೈಲ್ ಹಿಡ್ಕೊಂಡು ಬಂದು ಇದೇ ರೇಟಿಗೆ ಕೊಡು ಅಂತಾನ್ರೀ, ನಾವೇನ್ ಮಾಡ್ಬೇಕು?" ಅವರು ಕೇಳುವುದೂ ಸರಿ ಅಲ್ವಾ. ಆದ್ದರಿಂದ ಎಷ್ಟು ಜನ ನೋಡಿದರು ಅನ್ನುವುದಕ್ಕಿಂತ ಯಾರು ನೋಡಿದರು ಅನ್ನುವುದೇ ನನಗೆ ಮುಖ್ಯ. ಈ ಹೋಲಿಕೆ ಪೂರ್ತಿ ಅದರ ಮೇಲೇ ನಿಂತಿದೆ.

ಗಿರಾಕಿ ಎಲ್ಲಿಂದ ಬಂದ ಅಂತ ತಿಳಿಯುವುದಕ್ಕೆ ಒಂದು ಸುಲಭದ ದಾರಿ ಇದೆ. ಒತ್ತಿದ ಕೂಡಲೇ ನಮ್ಮ ವಾಟ್ಸಾಪ್ ಚಾಟ್ ತೆರೆಯುವ ಲಿಂಕ್ ಮಾಡಬಹುದು, ಅದರೊಳಗೆ ಮೊದಲ ಮೆಸೇಜನ್ನೂ ನಾವೇ ಬರೆದಿಡಬಹುದು. ಇನ್‌ಸ್ಟಾಗ್ರಾಮ್ ಬಯೋದಲ್ಲಿ ಹಾಕಿದ ಲಿಂಕಿನಲ್ಲಿ "ರೀಲ್ ನೋಡಿ ಬಂದೆ" ಅಂತ ಇರುತ್ತದೆ. ಯೂಟ್ಯೂಬ್ ವಿಡಿಯೋದ ಕೆಳಗಿನದರಲ್ಲಿ "ವಿಡಿಯೋ ನೋಡಿ ಬಂದೆ" ಅಂತ. ಗಿರಾಕಿ ಕಳಿಸು ಒತ್ತಿದರೆ ಸಾಕು, ನಮಗೆ ಗೊತ್ತಾಗುತ್ತದೆ. ಇದಕ್ಕೆ ಬಿಡಿಗಾಸೂ ಖರ್ಚಿಲ್ಲ. ತಮ್ಮನ ಜೊತೆಗಿನ ಜಗಳ ಅರ್ಧ ನಿಂತದ್ದು ಇದರಿಂದಲೇ.

ಈಗ ವಾಟ್ಸಾಪ್. ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಲ್ಲಿ ಬಂತು. ಪುಕ್ಕಟೆ. ಕ್ಯಾಟಲಾಗ್‌ನಲ್ಲಿ 500 ಐಟಂ ತನಕ ಹಾಕಬಹುದು, ನಮ್ಮಂಥವರಿಗೆ ಅದು ಬೇಕಾದಷ್ಟಾಯಿತು. ನನಗೆ ಕ್ಯಾಟಲಾಗ್‌ಗಿಂತ ಲೇಬಲ್ ಹೆಚ್ಚು ಉಪಯೋಗಕ್ಕೆ ಬಂತು. ಪ್ರತಿ ಚಾಟ್‌ಗೂ ಒಂದು ಬಣ್ಣದ ಚೀಟಿ: "ದುಡ್ಡು ಬಾಕಿ", "ವಾಶಿಂಗ್‌ಗೆ ಹೋಗಿದೆ", "ಎಲ್‌ಆರ್ ಕಳಿಸಿದೆ" (ಎಲ್‌ಆರ್ ಅಂದರೆ ಲಾರಿ ಆಫೀಸಿನವರು ಕೊಡುವ ರಸೀದಿ). ಲಾರಿ ಆಫೀಸಿನಲ್ಲಿ ಪಾರ್ಸೆಲ್ ಹಾಕಿದ ಮೇಲೆ ಎಲ್‌ಆರ್ ಕಾಪಿಯ ಫೋಟೋ ಅದೇ ಚಾಟ್‌ಗೆ ಹೋಗುತ್ತದೆ. ಆಮೇಲೆ "ಮಾಲು ಎಲ್ಲಿಗೆ ಬಂತು ಅಕ್ಕಾ" ಅನ್ನುವ ಫೋನು ಕಡಿಮೆ.

ಆದರೆ ವಾಟ್ಸಾಪ್ ಒಳಗೇ ನಾಲ್ಕು ದಾರಿ ಇದೆ, ನಾಲ್ಕರ ಗುಣವೂ ಬೇರೆ ಬೇರೆ. ಗ್ರೂಪ್‌ನಲ್ಲಿ 1024 ಜನ ಹಿಡಿಸುತ್ತಾರೆ. ನೋಡೋಕೆ ದೊಡ್ಡದು, ಆದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ನಮ್ಮದೇ ಲೈನಿನ ಒಬ್ಬ ವ್ಯಾಪಾರಿ ನಮ್ಮ ಗ್ರೂಪಿಗೆ ಸೇರಿಕೊಂಡ. ಒಂದು ಮಾತೂ ಆಡಲಿಲ್ಲ. ಸುಮ್ನೆ ನಂಬರ್‌ಗಳನ್ನು ತೆಗೆದುಕೊಂಡು ಎಲ್ಲರಿಗೂ ತನ್ನ ರೇಟ್ ಲಿಸ್ಟ್ ಕಳಿಸಿದ. ಆಮೇಲೆ ಆ ಗ್ರೂಪ್ ಮುಚ್ಚಿದೆವು. ಬ್ರಾಡ್‌ಕಾಸ್ಟ್ ಲಿಸ್ಟ್ ಅಂದರೆ ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುವುದು, ಅದಕ್ಕೆ 256 ಜನರ ಮಿತಿ ಇದೆ. ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಮೊದಮೊದಲು ಇದು ಕೊರತೆ ಅನ್ನಿಸುತ್ತದೆ. ಆದರೆ ನಂಬರ್ ಸೇವ್ ಮಾಡಿಕೊಂಡವನು ಅಂದರೆ ಅರ್ಧ ಗಿರಾಕಿ ಆದ ಹಾಗೇ. ಈಗ ಬಿಲ್ಲಿನ ಕೆಳಗೇ "ಈ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಡಿಸೈನ್ ಮೊದಲು ನಿಮಗೇ" ಅಂತ ಅಚ್ಚು ಹಾಕಿಸಿದ್ದೇವೆ.

ಸ್ಟೇಟಸ್ 24 ಗಂಟೆಯಲ್ಲಿ ಮಾಯ. ಅದರಲ್ಲಿ ನನಗೆ ಇಷ್ಟವಾಗಿದ್ದು ಯಾರು ನೋಡಿದರು ಅಂತ ಕಾಣುವುದು. ವಾರಗಟ್ಟಲೆ ಸ್ಟೇಟಸ್ ಕಡೆ ತಲೆ ಹಾಕದ ಅಂಗಡಿಯವರು ಹಬ್ಬದ ಹತ್ತಿರ ಬೆಳಗ್ಗೆಯೇ ನೋಡಿದ್ದಾರೆ ಅಂದರೆ ಅವರ ಕಪಾಟು ಖಾಲಿ ಆಗಿದೆ ಅಂತ ಅರ್ಥ. ಅವತ್ತೇ ಫೋನ್ ಮಾಡಿಬಿಡಬೇಕು. ಚಾನೆಲ್ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂತು. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಅದು ಒಳ್ಳೆಯದೇ. ಆದರೆ ಯಾರು ಬೇಕಾದರೂ ಫಾಲೋ ಮಾಡಬಹುದು, ಹಾಗಾಗಿ ರೇಟ್ ಹಾಕುವ ಹಾಗಿಲ್ಲ. ನಮ್ಮಲ್ಲಿ ಚಾನೆಲ್ ಇದೆ, ಇದೆ ಅಷ್ಟೇ.

ಫೋಟೋ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಟ್ಯೂಬ್‌ಲೈಟ್ ಕೆಳಗೆ ಡೆನಿಮ್ ನೀಲಿ ಕಪ್ಪಗೆ ಕಾಣುತ್ತದೆ. ಹಾಗೆ ತೆಗೆದು ಕಳಿಸಿದರೆ ಮಾಲು ಮುಟ್ಟಿದ ಮೇಲೆ ಕಲರ್ ಬೇರೆ ಅಂತ ತಕರಾರು. ಅದಕ್ಕೆ ಮಾಳಿಗೆ ಮೇಲೆ, ಬಿಸಿಲು ಏರುವ ಮೊದಲೇ ತೆಗೆಯುತ್ತೇವೆ. ಬಳ್ಳಾರಿ ಬಿಸಿಲು ಗೊತ್ತಲ್ಲ, ಹೊತ್ತೇರಿದರೆ ಫೋನೂ ಬಿಸಿ, ಬಟ್ಟೆಯೂ ಬೆಳ್ಳಗೆ. ಒಂದು ಫೋಟೋ ಮುಂದಿನದು. ಇನ್ನೊಂದು ಸೊಂಟ, ತೊಡೆ, ಬಾಟಮ್, ಉದ್ದಕ್ಕೆ ಟೇಪ್ ಹಿಡಿದದ್ದು. ಮೂರನೆಯದು ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ತೆಗೆದದ್ದು. ಓವರ್‌ಲಾಕ್ (ಬಟ್ಟೆಯ ಅಂಚು ಬಿಚ್ಚದ ಹಾಗೆ ಹಾಕುವ ಹೊಲಿಗೆ) ಎಷ್ಟು ಒತ್ತಾಗಿದೆ, ಜೇಬಿನ ಒಳಬಟ್ಟೆ ಗಟ್ಟಿಯೋ ತೆಳ್ಳಗೋ, ಜೇಬಿನ ಮೂಲೆಯಲ್ಲಿ ಬಾರ್‌ಟ್ಯಾಕ್ (ಹರಿಯದ ಹಾಗೆ ಹಾಕುವ ಗಟ್ಟಿ ಹೊಲಿಗೆ) ಬಿದ್ದಿದೆಯೋ ಇಲ್ಲವೋ, ಎಲ್ಲ ಅದರಲ್ಲಿ ಕಾಣುತ್ತದೆ. ಹಳೇ ಅಂಗಡಿಯವರು ಮುಂದಿನ ಫೋಟೋ ನೋಡುವುದೇ ಇಲ್ಲ. "ಒಳಗಿಂದು ಹಾಕಕ್ಕಾ" ಅಂತಾರೆ. ಆ ಒಳಗಿನ ಫೋಟೋ ನೋಡಿ ಸೆಟ್‌ಗಟ್ಟಲೆ ಆರ್ಡರ್ ಕೊಟ್ಟವರಿದ್ದಾರೆ. ಅದೇ ಫೋಟೋನ ಇನ್‌ಸ್ಟಾಗ್ರಾಮ್‌ಗೆ ಹಾಕಿದಾಗ ಲೈಕ್ ಕೊಟ್ಟದ್ದು ನಮ್ಮ ಚಿಕ್ಕಪ್ಪನ ಮಗಳು ಮತ್ತು ನಮ್ಮ ಕಟಿಂಗ್ ಮಾಸ್ಟರ್.

ಇನ್‌ಸ್ಟಾಗ್ರಾಮ್ ತಮ್ಮನ ರಾಜ್ಯ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಬ್ಯಾನ್ ಆಯಿತು, ಜುಲೈನಲ್ಲೇ ಇಲ್ಲಿ ರೀಲ್ಸ್ ಬಂತು. ಇವನ ಪಟಾಲಂ ಪೂರ್ತಿ ಆ ಕಡೆಯಿಂದ ಈ ಕಡೆಗೆ ಬಂದುಬಿಟ್ಟಿತು. ಇಲ್ಲಿ ಮಜಾ ಇದೆ, ಅದನ್ನು ಒಪ್ಪಲೇಬೇಕು. ಕೋಟೆ ಗುಡ್ಡ ಹಿಂದೆ ಕಾಣುವ ಹಾಗೆ ಜೀನ್ಸ್ ಹಾಕಿಕೊಂಡು ನಡೆದರೆ ಏನೋ ಒಂದು ಗತ್ತು ಬರುತ್ತದೆ. ಆದರೆ ಮಜಾಕ್ಕೂ ವ್ಯಾಪಾರಕ್ಕೂ ಇರುವ ತಿಕ್ಕಾಟ ಇದರ ಸೆಟ್ಟಿಂಗ್‌ನಲ್ಲೇ ಇದೆ. ಬಿಸಿನೆಸ್ ಅಕೌಂಟ್ ಮಾಡಿಕೊಂಡರೆ ಸಿನಿಮಾ ಹಾಡುಗಳಲ್ಲಿ ಬಹಳಷ್ಟು ಸಿಗುವುದಿಲ್ಲ, ಹಕ್ಕಿನ ತೊಡಕಿಲ್ಲದ ಮ್ಯೂಸಿಕ್ ಮಾತ್ರ ಸಿಗುತ್ತದೆ. ಕ್ರಿಯೇಟರ್ ಅಕೌಂಟ್‌ನಲ್ಲಿ ಹಾಡು ಜಾಸ್ತಿ ಸಿಗುತ್ತವೆ, ಆದರೆ ಸಿಕ್ಕ ಹಾಡನ್ನೆಲ್ಲ ಮಾಲು ಮಾರಲು ಬಳಸುವ ಹಕ್ಕು ಅದರ ಜೊತೆ ಬರುವುದಿಲ್ಲ. ತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಹಾಡಿನ ಬದಲು ಹೊಲಿಗೆ ಮಷಿನ್ ಸದ್ದನ್ನೇ ಇಟ್ಟ. ದಪ್ಪ ಡೆನಿಮ್ ಮೇಲೆ ಸೂಜಿ ಓಡುವ ಸದ್ದು, ಕತ್ತರಿ ಸದ್ದು, ಕೊನೆಗೆ ಗುಂಡಿ ಒತ್ತುವಾಗ ಬರುವ ಟಪ್. ನನ್ನ ಪ್ರಕಾರ ಅವನು ಮಾಡಿದ್ದರಲ್ಲೆಲ್ಲ ಒಳ್ಳೆಯ ರೀಲ್‌ಗಳು ಅವೇ.

ಆದರೂ ಎಲ್ಲಕ್ಕಿಂತ ಜಾಸ್ತಿ ಓಡಿದ್ದು ಜೀನ್ಸ್ ರೀಲ್ ಅಲ್ಲ. ಸಂಜೆ ಯೂನಿಟ್‌ನಲ್ಲಿ ಪೇಪರ್ ಹಾಸಿ, ಒಗ್ಗರಣೆ ಮಂಡಕ್ಕಿ ಸುರಿದು, ಬಿಸಿ ಮಿರ್ಚಿ ಇಟ್ಟುಕೊಂಡು ಎಲ್ಲರೂ ತಿನ್ನುತ್ತಿದ್ದದ್ದು. ಬೆಂಗಳೂರಿನಲ್ಲಿರುವ ಬಳ್ಳಾರಿಯವರೆಲ್ಲ ಬಂದು ಕಮೆಂಟ್ ಹಾಕಿದರು. "ಯಾವ ಅಂಗಡಿ ಬ್ರೋ?" "ಮಿರ್ಚಿ ಎಷ್ಟು ಬ್ರೋ?" ಹಿಂದೆ ಪ್ಯಾಂಟಿನ ರಾಶಿಯೇ ಬಿದ್ದಿತ್ತು, ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. (ಇನ್‌ಸ್ಟಾಗ್ರಾಮ್‌ನಲ್ಲಿ ಉತ್ತರ ಕೊಡುವವರೆಲ್ಲರೂ ಬ್ರೋ. ನಾನು ಅಕ್ಕ ಅಂತ ಹೇಳುವುದನ್ನು ಬಿಟ್ಟುಬಿಟ್ಟಿದ್ದೇನೆ.) ಲಿಂಕಿನ ಲೆಕ್ಕ ನೋಡಿದರೆ ಇಲ್ಲಿಂದ ಬರುವವರು ಹೆಚ್ಚಾಗಿ ಒಂದೇ ಪೀಸ್ ಕೇಳುವ ಹುಡುಗರು. ಅವರಿಗಾಗಿ ಬಿಡಿ ರೇಟನ್ನು ರೀಲ್ ಮೇಲೇ ಬರೆಯುತ್ತೇವೆ. ರೇಟ್ ಬರೆಯದೆ ಮೆಸೇಜ್ ಮಾಡಿ ಅಂದರೆ ಮುಂದೆ ಸರಿಸಿಕೊಂಡು ಹೋಗುತ್ತಾರೆ, ನಾನಾದರೂ ಹಾಗೇ ಮಾಡುತ್ತೇನೆ. ಬಿಡಿ ರೇಟ್ ಹಾಕಿದ್ದಕ್ಕೆ ಅಂಗಡಿಯವರ ತಕರಾರೂ ಇಲ್ಲ. ಅವರೂ ಹೆಚ್ಚುಕಡಿಮೆ ಅಷ್ಟಕ್ಕೇ ಮಾರುವುದು. ಹೊಸ ಡಿಸೈನ್ ಮಾತ್ರ ಇಲ್ಲಿ ಮೊದಲು ಹಾಕುವುದಿಲ್ಲ. ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸಿ, ಸೆಟ್‌ಗಳು ಹೋದ ಮೇಲೇ ರೀಲ್. ಇಲ್ಲದಿದ್ದರೆ ಹಿಂಜೇಬಿನ ಹೊಲಿಗೆ ನೋಡಿಕೊಂಡು ಬೇರೆ ಯಾರೋ ಅದನ್ನೇ ಮಾರುಕಟ್ಟೆಗೆ ಬಿಟ್ಟಿರುತ್ತಾರೆ.

ಯೂಟ್ಯೂಬ್ ನಿಧಾನ. ಆದರೆ ಹೋಲ್‌ಸೇಲ್‌ಗೆ ಹೊಸ ಗಿರಾಕಿ ಬೇಕು ಅಂದರೆ ಇನ್‌ಸ್ಟಾಗ್ರಾಮ್‌ಗಿಂತ ಇದೇ ಮೇಲು, ಇದರಲ್ಲಿ ನನಗೆ ಅನುಮಾನ ಇಲ್ಲ. ಕಟಿಂಗ್ ಟೇಬಲ್ಲಿನಿಂದ ವಾಶಿಂಗ್, ಇಸ್ತ್ರಿ, ಪ್ಯಾಕಿಂಗ್ ತನಕ ಒಂದು ಉದ್ದನೆಯ ವಿಡಿಯೋ ಮಾಡಿ ಹಾಕಿದ್ದೆವು. ಹಾಕಿದ ವಾರ ಯಾರೂ ಕೇಳಲಿಲ್ಲ. ತಿಂಗಳುಗಳು ಕಳೆದ ಮೇಲೆ ಗದಗ, ಕಲಬುರಗಿ ಕಡೆಯಿಂದ ಫೋನ್ ಬರೋಕೆ ಶುರುವಾಯಿತು. ರೀಲ್ ಎರಡು ಮೂರು ದಿನದಲ್ಲಿ ತಣ್ಣಗಾಗುತ್ತದೆ. ಯೂಟ್ಯೂಬ್‌ನಲ್ಲಿ ಜನ ಹುಡುಕಿಕೊಂಡು ಬರುತ್ತಾರೆ. ಹೊಸದಾಗಿ ಅಂಗಡಿ ಹಾಕುವವನು ಪೂರ್ತಿ ವಿಡಿಯೋ ನೋಡಿ, ಮಷಿನ್ ಎಷ್ಟಿವೆ ಅಂತ ಎಣಿಸಿ, ಆಮೇಲೆ ಫೋನ್ ಮಾಡುತ್ತಾನೆ. ಅಂಥವನಿಗೆ ನಾವು ಇದ್ದೇವೆ ಅಂತ ನಂಬಿಸುವ ಕೆಲಸವೇ ಇರುವುದಿಲ್ಲ, ನೇರ ರೇಟಿನ ಮಾತು. ಟೈಟಲ್ಲಿನಲ್ಲಿ ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಊರ ಹೆಸರು ಬರೆಯಬೇಕು, ಅದರಲ್ಲೂ Ballari ಜೊತೆ Bellary ಅನ್ನುವ ಹಳೇ ಸ್ಪೆಲ್ಲಿಂಗ್ ಸೇರಿಸಿ. ಸರ್ಕಾರಿ ಲೆಕ್ಕದಲ್ಲಿ 2014ರ ನವೆಂಬರ್ 1ಕ್ಕೇ ಅದು ಬದಲಾಗಿದ್ದರೂ ಹೊರಗಿನವರು ಇನ್ನೂ ಹಳೆಯದನ್ನೇ ಹೊಡೆಯುತ್ತಾರೆ.

ಹೋಲ್‌ಸೇಲ್ ಮಾರ್ಕೆಟ್ ತೋರಿಸುವ ಬೇರೆ ಚಾನೆಲ್‌ನವರನ್ನೂ ಒಮ್ಮೆ ದುಡ್ಡು ಕೊಟ್ಟು ಕರೆಸಿದೆವು. ಒಂದು ವಾರ ಫೋನ್ ಕೆಳಗಿಡೋಕೆ ಆಗಲಿಲ್ಲ. ಹತ್ತರಲ್ಲಿ ಒಂಬತ್ತು ಜನರದ್ದು ಒಂದೇ ಪ್ರಶ್ನೆ: "ಸಿಂಗಲ್ ಪೀಸ್ ಕೊಡ್ತೀರಾ?" ಆಮೇಲೆ ಗಪ್‌ಚುಪ್. ನಮ್ಮದೇ ವಿಡಿಯೋ ಅದಕ್ಕಿಂತ ವಾಸಿ.

ಫೇಸ್‌ಬುಕ್‌ನಲ್ಲಿ ಪ್ಯಾಂಟು ಮಾರುವ ಆಸೆ ನಾನು ಬಿಟ್ಟಿದ್ದೇನೆ. ಮಾರ್ಕೆಟ್‌ಪ್ಲೇಸ್‌ನಲ್ಲಿ "ಇದು ಇನ್ನೂ ಇದೆಯಾ" ಅನ್ನುವ ಸಿದ್ಧ ಮೆಸೇಜ್ ಒತ್ತಿ ನಾಪತ್ತೆ ಆಗುವವರೇ ಜಾಸ್ತಿ. ಮಿಲಿಟರಿಯವನು ಅಂತ ಹೇಳಿಕೊಂಡು, ದುಡ್ಡು ಹಾಕುತ್ತೇನೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುವ ಮೋಸಗಾರರೂ ಅಲ್ಲಿ ಸಿಗುತ್ತಾರೆ. ದುಡ್ಡು ತೆಗೆದುಕೊಳ್ಳೋಕೆ ನಾವು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಹಾಕಬೇಕಿಲ್ಲ. ಅಪ್ಪಿತಪ್ಪಿ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಪೇಮೆಂಟ್ ಸ್ಕ್ರೀನ್‌ಶಾಟ್ ಅಂತೂ ಯಾವ ಆ್ಯಪ್‌ನಲ್ಲಿ ಬಂದರೂ ನಾನು ನಂಬುವುದಿಲ್ಲ, ಬ್ಯಾಂಕ್ ಖಾತೆಗೆ ಬಿದ್ದ ಮೇಲೇ ಪಾರ್ಸೆಲ್. ಆದರೆ ಫೇಸ್‌ಬುಕ್ ಗ್ರೂಪ್‌ಗಳನ್ನು ಸುಮ್ನೆ ಬೈಯೋಕೆ ಆಗಲ್ಲ. "ಟೈಲರ್ ಬೇಕಾಗಿದ್ದಾರೆ, ಪೀಸ್ ಲೆಕ್ಕ" ಅಂತ ಹಾಕಿದರೆ ಜನ ಸಿಗುವುದು ಅಲ್ಲೇ. ನಮ್ಮ ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಷಿನ್ ಸಿಕ್ಕಿದ್ದೂ ಅಲ್ಲೇ. ಮಾರೋಕೆ ಅಲ್ಲ, ಕೊಳ್ಳೋಕೆ ಮತ್ತು ಕೆಲಸದವರನ್ನು ಹುಡುಕೋಕೆ ಅದು.

ಶೇರ್‌ಚಾಟ್‌ನಲ್ಲಿ ಶುಭೋದಯ ಚಿತ್ರಗಳ ನಡುವೆ ನಮ್ಮ ಪ್ಯಾಂಟು ಕಳೆದುಹೋಯಿತು. ಲಿಂಕ್ಡ್‌ಇನ್ ಖಾತೆ ತೆರೆದು ಬಿಟ್ಟಿದ್ದೇವೆ. ದೊಡ್ಡ ಕಂಪನಿಗಳ ಯೂನಿಫಾರ್ಮ್ ಆರ್ಡರ್ ಹಿಡಿಯುವವರಿಗೆ ಅದು ಬೇಕಾಗಬಹುದು, ನಮಗೆ ಅಷ್ಟು ಮಷಿನ್ ಇಲ್ಲ.

ಉಳಿದದ್ದು ದುಡ್ಡು ಕೊಟ್ಟು ಹಾಕುವ ಆಡ್. ರೀಲ್ ಕೆಳಗಿನ ಬೂಸ್ಟ್ ಬಟನ್ ಒತ್ತಿದಾಗ ಏನು ಬೇಕು ಅಂತ ಕೇಳುತ್ತದೆ. ತಮ್ಮ ಪ್ರೊಫೈಲ್ ವಿಸಿಟ್ ಅಂತ ಆರಿಸುತ್ತಾನೆ, ಫಾಲೋವರ್ಸ್ ಏರುತ್ತಾರೆ, ಅವನಿಗೆ ಖುಷಿ. ನಾನು ಮೆಸೇಜ್ ಅಂತ ಆರಿಸಿ ನೇರ ವಾಟ್ಸಾಪ್‌ಗೆ ಬರುವ ಹಾಗೆ ಹಾಕುತ್ತೇನೆ. ಲೈಕ್ ಏರುವುದಿಲ್ಲ, ಬರುವ ಹತ್ತು ಮೆಸೇಜ್‌ನಲ್ಲಿ ಒಂದಾದರೂ ಮಾತು ಮುಂದುವರಿಯುತ್ತದೆ. ಹಾಕಿದ ದುಡ್ಡಿನ ಮೇಲೆ 18% ಜಿಎಸ್‌ಟಿ ಬೇರೆ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಈಗ ವರ್ಷವಿಡೀ ಹಾಕುವುದನ್ನು ಬಿಟ್ಟು ರಂಜಾನ್, ಯುಗಾದಿ, ದೀಪಾವಳಿಗೆ ಮುಂಚೆ, ಅಂಗಡಿಯವರು ಮಾಲು ತುಂಬಿಸುವ ಹೊತ್ತಿಗೆ ಮಾತ್ರ ಹಾಕುತ್ತೇವೆ. ಸಿರುಗುಪ್ಪ, ಗಂಗಾವತಿ ಕಡೆಗೆ ಕನ್ನಡದಲ್ಲಿ ಮಾತಾಡಿದ್ದು, ಆದೋನಿ, ಗುಂತಕಲ್ ಕಡೆಗೆ ತೆಲುಗಿನಲ್ಲಿ ಮಾತಾಡಿದ್ದು. ಎರಡೂ ಭಾಷೆ ಮನೆಯಲ್ಲೇ ಇದೆ, ಅದಕ್ಕೆ ಖರ್ಚಿಲ್ಲ. ಊರುಗಳ ಪಟ್ಟಿಯಲ್ಲಿ ರಾಯದುರ್ಗವನ್ನು ಮಾತ್ರ ನಾನೇ ತೆಗೆದುಹಾಕಿದ್ದೇನೆ. ಅಲ್ಲಿಯವರೂ ಜೀನ್ಸ್ ಹೊಲಿಯುವವರೇ. ನಮ್ಮ ಡಿಸೈನನ್ನು ನಾವೇ ದುಡ್ಡು ಕೊಟ್ಟು ಅವರಿಗೆ ತೋರಿಸೋದು ಯಾಕೆ ಹೇಳಿ?